ವಡ್ಡಿನಲ್ಲಿ ಮುಗಿದ ಅಕ್ಕಿ

ಹಂಪಿಯ ಆನೆಲಾಯದ ಮುಂದೆ ಎಲ್ಲರೂ ಕಮಾನುಗಳ ಫೋಟೊ ತೆಗೆಯುತ್ತಾರೆ. ನಾನು ನನ್ನ ವಿದ್ಯಾರ್ಥಿಗಳನ್ನು ಅಲ್ಲಿ ನಿಲ್ಲಿಸಿ, ಈ ಆನೆಗಳಿಗೆ ಮೇವು ಎಲ್ಲಿಂದ ಬರುತ್ತಿತ್ತು ಎಂದು ಕೇಳುತ್ತೇನೆ. ಯುದ್ಧವನ್ನು ನಾನು ನೋಡುವುದೇ ಹೊಟ್ಟೆಯ ಕಡೆಯಿಂದ. ಹೊಸಪೇಟೆಯ ಕಾಲೇಜಿನಲ್ಲಿ ಇತಿಹಾಸ ಹೇಳುವ ನನಗೆ ಪ್ರಾಚೀನ ಚೀನಾದ ದಂಡಯಾತ್ರೆಗಳೆಂದರೆ ಪ್ರಾಣ. ಕತ್ತಿ ಬೀಸಿದವರ ಕಥೆ ಯಾರಿಗೆ ಬೇಕು? ಧಾನ್ಯದ ಬಂಡಿ ದೂರ ಹೋದಷ್ಟೂ ಎಳೆಯುವ ಎತ್ತು, ಹೊಡೆಯುವ ಆಳು ಅದರಲ್ಲೇ ತಿನ್ನುತ್ತಾರೆ, ದಂಡಿಗೆ ಸಿಗುವುದು ಮಿಕ್ಕಿದ್ದು ಎಂದು ಅಲ್ಲಿನ ಯುದ್ಧತಜ್ಞರು ಆಗಲೇ ಕಂಡುಕೊಂಡಿದ್ದರು. ಹೀಗೆ ಸಾಗಿಸುತ್ತಲೇ ಹೋದರೆ ಅರಸನ ಬೊಕ್ಕಸವೂ ಬರಿದು, ತೆರಿಗೆ ಕಟ್ಟುವ ರೈತನ ಕಣಜವೂ ಬರಿದು. ದಂಡು ಹೋದಲ್ಲೇ ಊಟ ಹುಡುಕಿಕೊಳ್ಳಲಿ ಎಂದರು ಅವರು.

ಹೋದ ವರ್ಷ ಕಂಪ್ಲಿಯ ತವರುಮನೆಯಲ್ಲಿ ಇದನ್ನೇ ಹೇಳಿದೆ. ಅಕ್ಕಿ ಗಿರಣಿ ನಡೆಸುವ ಅಣ್ಣ ನಕ್ಕುಬಿಟ್ಟ.

ಪ್ರತಿ ವರ್ಷ ಕಂಪ್ಲಿಯಿಂದ ಸಂಡೂರಿನ ಗುಡಿಗೆ ಯಾತ್ರೆ ನಡೆದುಹೋಗುವವರಿಗೆ ದಾರಿಯುದ್ದಕ್ಕೂ ನಮ್ಮ ಮನೆಯ ದಾಸೋಹ. ಅದಕ್ಕೆ ಅಪ್ಪ ಹಾಕಿದ ಕಟ್ಟಳೆಗಳಿದ್ದವು. ಪಂಕ್ತಿಯಲ್ಲಿ ಕೂತವರನ್ನು ಎಣಿಸಬಾರದು, ಯಾರನ್ನೂ ಎಬ್ಬಿಸಬಾರದು, ನಮ್ಮ ಗಿರಣಿಯ ಅಕ್ಕಿಯನ್ನೇ ಎತ್ತಿನ ಬಂಡಿಯಲ್ಲಿ ಒಯ್ದು ಬಡಿಸಬೇಕು. ಅಪ್ಪ ತೀರಿಕೊಂಡ ಮೇಲೆ ಅದೇ ಮೊದಲ ಯಾತ್ರೆ. ಅವ್ವ ಕಡ್ಡಿ ಮುರಿದಂತೆ ಹೇಳಿದ್ದಳು: "ಒಬ್ರು ಹಸ್ಕೊಂಡು ಎದ್ದು ಹೋದ್ರೂ ಇದ ಕಡೀ ದಾಸೋಹ. ನಿಮ್ಮಪ್ಪನ ಹೆಸರು ಕೆಡಿಸೋದು ಬ್ಯಾಡ."

ಅಪ್ಪನದೆಂದು ನಮ್ಮಲ್ಲಿ ಉಳಿದಿದ್ದೇ ಆ ಪಂಕ್ತಿ. ಅದು ನಿಲ್ಲಲು ನಾನು ಬಿಡುವವಳಲ್ಲ.

"ಅಣ್ಣಾ, ಅರ್ಧ ಬಂಡಿ ಎತ್ತಿನ ಮೇವಿಗೇ ಹೋಗ್ತತಿ. ದಾರ್ಯಾಗ ಜ್ವಾಳ ಬೆಳಿಯೋರು ಅದಾರ, ಅವರಿಗೊಂದು ಮಾತು ಹೇಳೋಣು" ಎಂದೆ.

"ಲೇ, ಇದು ದಾಸೋಹ, ದಂಡಲ್ಲ. ನಿನ್ನ ಚೀನಾದೋರ್ನ ಕಾಲೇಜ್‌ನಾಗ ಇಟ್ಕ."

ಅವನ ಜೊತೆ ಬಾಯಿ ನೋಯಿಸಿಕೊಳ್ಳಲಿಲ್ಲ. ಬಸ್ಸು ಹತ್ತಿ, ಸಂಡೂರಿನ ದಾರಿಯಲ್ಲಿರುವ ವಡ್ಡು ಎಂಬ ಊರಿಗೆ ಹೋದೆ. ದಂಡು ಬಂದಿಳಿದ ಮೇಲೆ ಕೊಳ್ಳಹೋದರೆ ಬೆಲೆ ಏರುತ್ತದೆ ಎಂಬುದೂ ಚೀನಾದವರ ಪಾಠವೇ. ಅಲ್ಲಿ ಹೊಲ ಮಾಡುವ ಹೆಣ್ಣುಮಗಳೊಬ್ಬಳಿಗೆ ಯಾತ್ರೆಯ ದಿನ ಅಕ್ಕಿ ಸಾಲದಿದ್ದರೆ ರೊಟ್ಟಿ ಬೇಕಾದೀತು ಎಂದು ಹೇಳಿ ಪರ್ಸು ತೆಗೆದೆ. ಆಕೆ ಸಿಡುಕಿದಳು: "ಅದನ್ನ ಒಳಗಿಡ್ರಿ. ನಮ್ಮ ಓಣ್ಯಾಗ ಎಲ್ಲಾರೂ ಒಣರೊಟ್ಟಿ ಬಡ್ದು ಇಟ್ಟಿರ್ತೀವಿ. ಅಕ್ಕಿ ಮುಗಿದ್ರ ಫೋನ್ ಹಚ್ರಿ. ಮುಗೀಲಿಲ್ಲಂದ್ರ ನಾವ ತಿಂತೀವಿ."

ಯಾತ್ರೆ ವಡ್ಡು ಮುಟ್ಟುವುದಕ್ಕೂ ಅಲ್ಲಿನ ಉಕ್ಕಿನ ಕಾರ್ಖಾನೆಯ ಶಿಫ್ಟು ಬಿಡುವುದಕ್ಕೂ ಸರಿಹೋಯಿತು. ಹೆಲ್ಮೆಟ್ ಪಕ್ಕಕ್ಕಿಟ್ಟು ಕೆಲಸಗಾರರು ಕೂತರು, ಅದಿರಿನ ಲಾರಿ ನಿಲ್ಲಿಸಿ ಡ್ರೈವರುಗಳು ಕೂತರು. ಎಬ್ಬಿಸುವಂತಿಲ್ಲವಲ್ಲ. ಪಂಕ್ತಿಯ ಅರ್ಧಕ್ಕೇ ಅಣ್ಣನ ಸೌಟು ಹಂಡೆಯ ತಳ ಕೆರೆಯಿತು. ಬಂಡಿಗಳಲ್ಲಿ ಮಿಕ್ಕಿದ್ದು ಎತ್ತಿನ ಮೇವು ಮಾತ್ರ. ನನ್ನ ಮಾತೇ ಗೆದ್ದಿತ್ತು, ಆದರೆ ಅವ್ವನ ಮುಖ ನೋಡಿ ನನಗೆ ಅಳು ಬಂತು. ಫೋನು ಹಚ್ಚಿದೆ.

ಸ್ವಲ್ಪ ಹೊತ್ತಿಗೆ ವಡ್ಡಿನ ಹೆಂಗಸರು ತಲೆಯ ಮೇಲೆ ರೊಟ್ಟಿಬುಟ್ಟಿ, ಪುಂಡಿಪಲ್ಯದ ಪಾತ್ರೆ ಹೊತ್ತು ಬಂದರು. ಅಣ್ಣ ಅಡ್ಡ ನಿಂತ. "ಬ್ಯಾಡ್ರಿ. ನಮ್ಮ ಅಕ್ಕಿ ಬಿಟ್ಟು ಬ್ಯಾರೇದು ಬಡಿಸಂಗಿಲ್ಲ. ಅಪ್ಪ ಇದ್ದಿದ್ರ ಒಪ್ತಿದ್ದಿಲ್ಲ" ಎಂದವನು ಖಾಲಿ ಸೌಟನ್ನು ಇನ್ನೂ ಕೈಯಲ್ಲೇ ಹಿಡಿದಿದ್ದ. ನನಗೆ ಅವನ ಮೇಲೆ ಸಿಟ್ಟೂ ಬಂತು, ಅಯ್ಯೋ ಅನ್ನಿಸಿತು ಕೂಡ.

ದಾಸೋಹದ ಮನೆಯವರು ಕೊನೆಯ ಅತಿಥಿ ಎದ್ದ ಮೇಲೆಯೇ ಉಣ್ಣುವುದು. ಅವ್ವ ಒಂದು ವರ್ಷವೂ ಅದನ್ನು ಮೀರಿದವಳಲ್ಲ. ಅಂದು ಆಕೆ ನಿಧಾನಕ್ಕೆ ನಡೆದು ಬಂದು, ಖಾಲಿ ಎಲೆ ಇಟ್ಟುಕೊಂಡು ಕಾಯುತ್ತಿದ್ದ ಕೆಲಸಗಾರನೊಬ್ಬನ ಪಕ್ಕ ಕೂತಳು.

"ನನಗ ಮೊದ್ಲು ಹಾಕ್ರಿ" ಎಂದಳು.

ಬಂದ ರೊಟ್ಟಿಯನ್ನು ಮುರಿದು ಅರ್ಧ ಅವನ ಎಲೆಗೆ ಹಾಕಿದಳು, ಅರ್ಧ ತಾನು ತಿಂದಳು. ಅಣ್ಣ, ನನಗೆ ಮಾತು ಕೊಟ್ಟಿದ್ದ ಹೆಣ್ಣುಮಗಳ ಕೈಯಿಂದ ಬುಟ್ಟಿ ಇಸಿದುಕೊಂಡು ತಾನೇ ಬಡಿಸುತ್ತಾ ಹೋದ. ಆ ಪಂಕ್ತಿಯಿಂದ ಯಾರೂ ಹಸಿದು ಏಳಲಿಲ್ಲ.

ಅವ್ವ ಕೈ ತೊಳೆಯಲು ಬಂದಾಗ ನಾನೇ ಚೊಂಬಿನಿಂದ ನೀರು ಹಾಕಿದೆ. ಆಕೆ ನನ್ನ ಕಡೆ ನೋಡಲಿಲ್ಲ, ಅಣ್ಣನನ್ನು ಕರೆದಳು.

"ಮುಂದಿನ ವರ್ಷ ಬಂಡಿ ಕಮ್ಮಿ ಕಟ್ಟಪ್ಪಾ" ಎಂದಳು.