ರಾಹುಕಾಲಕ್ಕೆ ಮುಂಚೆ ಬಗ್ಗಿದ ವಿಮಾನದ ತಗಡು

ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದೆ ಬೆಳಕು ಹರಿಯುವ ಮುಂಚೆಯೇ ಬೈರಯ್ಯನವರ ಕುಲುಮೆ ಉರಿಯುತ್ತಿದೆ. ತಗಡಿನ ಮೇಲೆ ಬಟ್ಟೆ ಸೋಪಿನಿಂದ ಗೀಟೆಳೆದು ಕೆಂಡದ ಮೇಲೆ ಹಿಡಿದಿದ್ದಾರೆ. ಇವತ್ತು ಸೋಮವಾರ, ಏಳೂವರೆಗೆ ರಾಹುಕಾಲ. ಅಷ್ಟರೊಳಗೆ ತಗಡು ಬಗ್ಗಬೇಕು. ಉಳಿದಿರುವ ತಗಡು ಇದೊಂದೇ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಹಾಸನದ ಗುಜರಿಗೆ ಬಂದ ವಿಮಾನದ ತಗಡಿದು. ನೋಡಲು ಅಡುಗೆಮನೆಯ ಅಲ್ಯೂಮಿನಿಯಂ, ಎತ್ತಿದರೆ ಹಗುರ, ಗಟ್ಟಿತನದಲ್ಲಿ ಮಾತ್ರ ಉಕ್ಕಿನ ತಮ್ಮ. ಕಾಯಿಸದೆ ಬಲವಂತ ಮಾಡಿದರೆ ಮುನಿದ ಅಳಿಯನ ಹಾಗೆ, ಬಗ್ಗುವುದಿಲ್ಲ, ಸಿಡಿಯುತ್ತದೆ.

ಎದುರಿಗೆ ಕುಕ್ಕರುಗಾಲಲ್ಲಿ ಕೂತವರು ನುಗ್ಗೇಹಳ್ಳಿಯ ನೀಲಗಂಗಮ್ಮ. ಹೊಸದಾಗಿ ತೆಂಗಿನ ಸಸಿ ನೆಟ್ಟಿದ್ದಾರೆ. ಬಾವಿಯಿಂದ ಎತ್ತುಗಳು ನೀರೆಳೆಯುವ ಕಪಿಲೆಗೆ ಕಬ್ಬಿಣದ ಬಾನಿ ಬಲು ಭಾರ. ಅವರ ಎತ್ತುಗಳಿನ್ನೂ ಎಳೆಯವು. ಹಗುರ ಬಾನಿಯಾದರೆ ಸಸಿ ಬದುಕುತ್ತವೆ, ಇಲ್ಲದಿದ್ದರೆ ಇಲ್ಲ.

ಹೋದ ಸೋಮವಾರ ಬೈರಯ್ಯ ಇಂಥದೇ ಇನ್ನೊಂದು ತಗಡು ಕಾಯಿಸಿ ನೀರಿಗೆ ಅದ್ದಿದ್ದೇ ತಡ, ನೀಲಗಂಗಮ್ಮ ಕೈ ಹಿಡಿದಿದ್ದರು. "ರಾಹುಕಾಲ ಬಂತು ಕಣಣ್ಣ. ಒಂಬತ್ತರ ಮ್ಯಾಲೆ ಬಡಿ." ಬೈರಯ್ಯ ಬಡಿಯುವ ಮರದ ಕೊಡತಿ ಕೆಳಗಿಟ್ಟು, ಕಾಫಿ ಕುಡಿದು, ಎಲೆ ಅಡಿಕೆ ಹಾಕಿ ಕಾದರು. ಒಂಬತ್ತರ ಮೇಲೆ ಬಡಿದರೆ ಚಟ್ಟೆಂದು ಸೀಳು. ರಾಹುವಿನ ಕಣ್ಣು ಇನ್ನೂ ಸರಿದಿರಲಿಲ್ಲವೆಂದು ನೀಲಗಂಗಮ್ಮ ಅತ್ತರು.

ಬೈರಯ್ಯನವರಿಗೆ ನಿದ್ದೆ ಹತ್ತಲಿಲ್ಲ. ಮರುದಿನ ಚೂರುಗಳನ್ನು ಕಾಯಿಸಿ ಅದ್ದಿ ನೋಡಿದರು. ತಕ್ಷಣ ಬಡಿದದ್ದು ಬಗ್ಗಿತು, ಹೊತ್ತು ಕಳೆದು ಬಡಿದದ್ದು ಸೀಳಿತು.

"ರಾಹು ಅಲ್ಲ ಕಣವ್ವ, ಕಾಫಿ," ಎಂದು ಈಗ ನಗುತ್ತಾರೆ. "ಅದ್ದಿದ್ ತಕ್ಷಣ ಮೆತ್ತಗಿರ್ತದೆ. ಬುಟ್ರೆ ತಾನಾಗೇ ಮತ್ತೆ ಗಟ್ಟಿ ಆಯ್ತದೆ."

"ಅಂಗಂತ ರಾಹುಕಾಲದಲ್ಲಿ ಬಡ್ದೀಯಾ?"

"ಇಲ್ಲವ್ವ. ನಿನ್ ಮಾತೂ ಉಳೀಲಿ, ತಗಡೂ ಉಳೀಲಿ ಅಂತ್ಲೇ ಕೋಳಿ ಕೂಗೋಕ್ ಮುಂಚೆ ಎದ್ದಿವ್ನಿ."

ಸೋಪಿನ ಗೀಟು ಕಪ್ಪಾಗುತ್ತದೆ, ಕಾವು ಸಾಕೆಂಬ ಗುರುತು. ತಗಡು ನೀರಿಗೆ ಬಿದ್ದು ಚುಂಯ್ ಎನ್ನುತ್ತದೆ. ಕೊಡತಿ ಒಂದೇ ಸಮನೆ ಬೀಳುತ್ತದೆ, ಅಂಚು ಹೇಳಿದ ಹಾಗೆ ಕೇಳುತ್ತದೆ. ಏಳೂವರೆಗೆ ಮುಂಚೆ ಬಾನಿ ದುಂಡಗಾಗಿದೆ. ನೀಲಗಂಗಮ್ಮ ಅದನ್ನು ಒಂಟಿ ಕೈಯಲ್ಲಿ ಎತ್ತಿ ನೋಡಿ ನಗುತ್ತಾರೆ.

ಎರಡು ದಿನ ಬಿಟ್ಟು ನುಗ್ಗೇಹಳ್ಳಿಯ ಬಾವಿ. ತುಂಬಿದ ಬಾನಿಯನ್ನು ಎಳೆಯ ಎತ್ತುಗಳು ಎಷ್ಟು ಸಲೀಸಾಗಿ ಎಳೆಯುತ್ತವೆಂದರೆ, ಅವನ್ನು ಹೊಡೆಯುವ ಆಳು ಚನ್ನಪ್ಪನೇ ಹಿಂದೆ ಬೀಳುತ್ತಾನೆ. ನೀರು ಸಸಿಗಳತ್ತ ಹರಿಯುತ್ತದೆ. ಊಟಕ್ಕೆ ಏಳಿರೆಂದು ನೀಲಗಂಗಮ್ಮ ಕರೆದರೂ ಬೈರಯ್ಯ ಬಾವಿಕಟ್ಟೆ ಬಿಟ್ಟು ಕದಲುವುದಿಲ್ಲ.

"ನೀನು ನಡಿಯವ್ವ, ಬತ್ತೀನಿ. ಸೀಳೋ ಸದ್ದು ಬೇಕಾದಷ್ಟ್ ಕೇಳಿವ್ನಿ. ಸೀಳ್ದೆ ಇರೋದ್ನ ಇನ್ನೊಂದ್ ಗಳಿಗೆ ಕೇಳ್ತೀನಿ."