ನಿಲ್ಲುವ ಮರಿಗಾಗಿ ಕಾದಿರುವ ಡಾಕ್ಟರರು

ಕುದುರೆಯ ಡಾಕ್ಟರರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರು. ಆದರೆ ಜೌಗುನೆಲದ ಈ ಕುಳ್ಳ ತಟ್ಟು ಕುದುರೆಗಳ ವಿಷಯಕ್ಕೆ ಬಂದರೆ ನಮ್ಮ ಡಾಕ್ಟರರ ಮುಂದೆ ಕೂರುವವರಿಲ್ಲ. ಕೂತವರು ಅವರ ಮಾತು ಮುಗಿಯುವಷ್ಟರಲ್ಲಿ ಗಡ್ಡ ನೆರೆತು ಏಳುತ್ತಾರೆ. “ನನಗಿಂತ ಮೊದಲು ಲಾಯವನ್ನು ಕಟ್ಟಿಕೊಂಡವರು” ಎಂದು ಅವರ ಮನೆಯಾಕೆಯೇ ಹೇಳುವುದುಂಟು. ಅಂಥವರು ಈ ತಿಂಗಳು ಕುದುರೆ ಫಾರಂನ ಬೀಗದ ಕೈ ಒಪ್ಪಿಸಿ ನಿವೃತ್ತರಾಗುತ್ತಿದ್ದಾರೆ. ಎಲ್ಲರೂ ಇದನ್ನು ಸಂತೋಷದ ಗಳಿಗೆ ಎನ್ನುತ್ತಾರೆ. ಅವರ ಮುಖ ನೋಡಿದರೆ ಹಾಗೆನಿಸುವುದಿಲ್ಲ.

ಈ ತಳಿಯನ್ನು ಯಾವ ರಾಜನೂ ಸಾಕಿ ಬೆಳೆಸಿದ್ದಲ್ಲ. ಹಿಂದೆ ಉಪ್ಪು ಹೇರಿಕೊಂಡು ಜೌಗು ದಾಟುತ್ತಿದ್ದ ವ್ಯಾಪಾರಿಗಳು ಬಿಟ್ಟುಹೋದ ತಟ್ಟುಗಳ ಸಂತಾನ ಇದು ಎನ್ನುತ್ತಾರೆ. ಹೇಳಿದಲ್ಲಿಗೆ ಕಾಲಿಟ್ಟವು ಕೆಸರಿನ ಪಾಲಾದವು. ಮೂಸಿ ನೋಡಿ ನಿಂತವು ಉಳಿದು ಮರಿ ಹಾಕಿದವು. ಗುಡಾಣದಂಥ ಹೊಟ್ಟೆ, ಕಣ್ಣು ಮುಚ್ಚುವ ಜೂಲು, ಕಲ್ಲಿನಂಥ ಗೊರಸು. ಗುಣವೆಂದರೆ ಹಠ. ನೆಲ ಒಪ್ಪಿಗೆಯಾಗದಿದ್ದರೆ ಆಕಾಶ ಕಳಚಿ ಬಿದ್ದರೂ ಹೆಜ್ಜೆ ಎತ್ತುತ್ತಿರಲಿಲ್ಲ.

ಡಾಕ್ಟರರು ಬಂದಾಗ ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. ಫಾರಂ ಎಂದರೆ ಸೋರುವ ತಗಡಿನ ಚಾವಣಿ, ಬಿರುಕುಬಿಟ್ಟ ನೀರಿನ ತೊಟ್ಟಿ. ಚಳಿಗೆ ನಡುಗುವ ಮರಿಗೆ ತಮ್ಮ ಕೋಟು ಹೊದಿಸಿ ತಾವು ಗೋಣಿಚೀಲ ಹೊದ್ದವರು ಅವರು. ಲಾಯದವನ ಹೆಂಡತಿಗೆ ಹೆರಿಗೆ ಕಷ್ಟವಾದಾಗ ಫಾರಂನ ಗಾಡಿ ಹೂಡಿ ಆಸ್ಪತ್ರೆ ಮುಟ್ಟಿಸಿದವರು. ಆ ಒಳ್ಳೆಯತನದಲ್ಲೇ ಒಂದು ಎಡವಟ್ಟೂ ಆಯಿತು. ಹಠದ ತಟ್ಟುಗಳಿಗೆ ಜನ ಬಾಸುಂಡೆ ಬರುವಂತೆ ಹೊಡೆಯುವುದನ್ನು ನೋಡಲಾರದೆ, ಅವರು ಸಾಧು ತಟ್ಟುಗಳನ್ನಷ್ಟೇ ತಳಿಗೆ ಇಟ್ಟುಕೊಂಡರು. ನಿಂತುಬಿಡುವವುಗಳ ಕಿವಿಗೆ ಗುರುತಿನ ಕಚ್ಚು ಹಾಕಿ ಗಾಡಿಯವರಿಗೆ ಕೊಟ್ಟರು. ವರ್ಷಗಳು ಕಳೆದಂತೆ ಫಾರಂನ ತಟ್ಟುಗಳು ಎಷ್ಟು ಸಾಧುವಾದವೆಂದರೆ, ಕರೆದರೆ ಬಾವಿಗೂ ಇಳಿಯುವಂತಾದವು. ಡಾಕ್ಟರರಿಗೆ ಊರೆಲ್ಲ ಹೊಗಳಿಕೆ.

ಆಮೇಲೆ ಬಂತು ಒಂದು ಮಂಜಿನ ಬೆಳಿಗ್ಗೆ. ಸೌದೆ ಹೇರಿದ ತಟ್ಟುಗಳ ಸಾಲನ್ನು ಹೊಡೆದುಕೊಂಡು ಹೊರಟ ಲಾಯದವನು ದಾರಿ ತಪ್ಪಿ ಜೌಗಿಗೆ ಇಳಿದ. ತಟ್ಟುಗಳು ಒಂದರ ಹಿಂದೆ ಒಂದು ತೆಪ್ಪಗೆ ಇಳಿದವು. ಜನ ಹಗ್ಗ ಎಸೆದು ಅವನನ್ನು ಎಳೆದುಕೊಂಡರು. ತಟ್ಟುಗಳು ಒಂದೂ ಮೇಲೆ ಬರಲಿಲ್ಲ. ಡಾಕ್ಟರರು ಓಡಿ ಬಂದಾಗ ಅವನು ದಡದಲ್ಲಿ ಕೂತಿದ್ದ.

“ಒಂದೂ ನಿಲ್ಲಲಿಲ್ಲ ಡಾಕ್ಟ್ರೇ,” ಎಂದ. “ಒಂದಾದ್ರೂ ನಿಂತಿದ್ರೆ ನಾನೂ ನಿಲ್ತಿದ್ದೆ.”

ಯಾರೂ ಡಾಕ್ಟರರನ್ನು ಬಯ್ಯಲಿಲ್ಲ. ಬೈದಿದ್ದರೆ ಊಟವಾದರೂ ಸೇರುತ್ತಿತ್ತೇನೋ. ತಾವು ಹೋಗುವುದರೊಳಗೆ ಆ ಹಠವನ್ನು ತಳಿಗೆ ಮರಳಿಸಲೇಬೇಕು ಎಂದುಕೊಂಡು ಅವರು ಕಚ್ಚುಕಿವಿಯ ತಟ್ಟುಗಳನ್ನು ಹುಡುಕುತ್ತ ಬೀದಿ ಬೀದಿ ಅಲೆದರು. ಎಲ್ಲವೂ ಸತ್ತಿದ್ದವು. ಕೊನೆಗೆ ಒಬ್ಬ ಗಾಡಿಯವನ ವಿಧವೆಯ ಹಿತ್ತಿಲಲ್ಲಿ ಒಂದು ಮುದಿ ಹೆಣ್ಣು ತಟ್ಟು ಸಿಕ್ಕಿತು. ಆ ವಿಧವೆಯ ಬಾಯಿಗೆ ಊರೇ ಹೆದರುತ್ತಿತ್ತು.

“ನೀವೇ ಕಿವಿ ಕತ್ತರಿಸಿ ಓಡಿಸಿದ ಹೆಣ್ಣು,” ಎಂದಳು. “ಈಗ ಬೀಗರ ಥರ ಕೇಳೋಕೆ ಬಂದಿದೀರಾ?”

ಡಾಕ್ಟರರು ಮುದಿ ತಟ್ಟಿನ ಕಚ್ಚುಕಿವಿ ಸವರಿದರು.

“ಇವಳು ನನ್ನ ಸವತಿ ಕಣ್ರೀ. ನನ್ನ ಮಾತು ಒಂದು ದಿನ ಕೇಳದ ಗಂಡ, ಇವಳು ನಿಂತ್ರೆ ಗಾಡಿ ಇಳಿದು ಕೂತ್ಬಿಡೋನು. ಕರ್ಕೊಂಡು ಹೋಗಿ. ಆದ್ರೆ ಹಿತ್ತಿಲು ಖಾಲಿ ಆದ್ರೆ ನಾನು ಯಾರನ್ನ ಬೈಲಿ? ನಾನೂ ದಿನಾ ಬರ್ತೀನಿ.”

ಹೇಳಿದಂತೆ ದಿನವೂ ಬಂದಳು. ಮುದುಕಿ ತಟ್ಟು ಒಂದೇ ಒಂದು ಹೆಣ್ಣುಮರಿ ಹಾಕಿ, ಅದು ಹಾಲು ಬಿಟ್ಟ ಮೇಲೆ ಕಣ್ಣು ಮುಚ್ಚಿತು. ಮರಿ ಬಲಿತ ಮೇಲೆ ಡಾಕ್ಟರರು ಲಾಯದ ಹಿಂದಿನ ಕೆಸರುಗುಂಡಿಗೆ ತಾವೇ ಮೊದಲು ಇಳಿದು, ಹಗ್ಗ ಸಡಿಲ ಬಿಟ್ಟು, ಅದನ್ನು ಕರೆದರು. ಕರೆಯುತ್ತಲೇ, ಅದು ನಿಲ್ಲಲಿ ಎಂದು ಬೇಡಿಕೊಳ್ಳುತ್ತಿದ್ದರು. ಮರಿ ನಿಲ್ಲಲಿಲ್ಲ. ಕುರಿಯಂತೆ ಇಳಿದು ಬಂದು ಅವರ ಹೆಗಲಿಗೆ ಮೂತಿ ಒರಗಿಸಿತು. ಡಾಕ್ಟರರು ಮೊಣಕಾಲುದ್ದ ಕೆಸರಿನಲ್ಲಿ ಅದರ ಕುತ್ತಿಗೆ ತಬ್ಬಿಕೊಂಡು, ಜೂಲಿನಲ್ಲಿ ಮುಖ ಮರೆಸಿಕೊಂಡರು. ದಡದಲ್ಲಿದ್ದ ವಿಧವೆ ಸೆರಗು ಸಿಕ್ಕಿಸಿ ಕೈ ಚಾಚಿದಳು.

“ಮೇಲೆ ಬನ್ನಿ ಡಾಕ್ಟ್ರೇ,” ಎಂದಳು. “ನನ್ನ ಹಠ ನನ್ನ ಮಗಳಿಗೆ ಒಂದು ಚೂರೂ ಬರ್ಲಿಲ್ಲ. ಮೊಮ್ಮಗಳಿಗೆ ಬಂದಿದೆ, ಮನೆಯವರೆಲ್ಲ ಅಳ್ತಿದ್ದಾರೆ. ಇನ್ನೊಂದು ತಲೆಮಾರು ಕಾಯ್ಬೇಕು.”

“ನನಗೆ ಅಷ್ಟು ದಿನ ಇದೆಯೇನಮ್ಮಾ?” ಎಂದರು ಡಾಕ್ಟರರು.

ಆ ಪ್ರಶ್ನೆ ಇನ್ನೂ ಹಾಗೇ ಇದೆ. ಇಂಥ ಅಭಿನಂದನಾ ಪುಸ್ತಕಗಳಲ್ಲಿ ದೀರ್ಘಾಯುಷ್ಯ ಹಾರೈಸುವುದು ಬಾಯುಪಚಾರದ ಮಾತು, ಇಲ್ಲಿ ಹಾಗಲ್ಲ. ಆ ಮರಿ ತಾಯಾಗಬೇಕು, ಅದರ ಮರಿ ನೆಲ ಮೂಸುವಷ್ಟು ದೊಡ್ಡದಾಗಬೇಕು. ಅದೂ ನಿಲ್ಲದಿದ್ದರೆ ಅದರ ಮರಿ. ಅಲ್ಲಿಯವರೆಗೂ ಡಾಕ್ಟರರ ಮೊಣಕಾಲು, ಕಣ್ಣು, ಉಸಿರು ಗಟ್ಟಿಯಾಗಿರಲಿ. ನೂರು ವರ್ಷ ಸಾಲದಿದ್ದರೆ ಇನ್ನೂರು ಬಾಳಲಿ. ಬೀಗದ ಕೈ ಯಾರ ಬಳಿ ಇದ್ದರೂ ಅವರು ಈ ಮುದುಕರಿಗೆ ಗೇಟು ತೆರೆಯಲಿ. ಒಂದು ಬೆಳಿಗ್ಗೆ, ಎಷ್ಟು ಕರೆದರೂ ಬಾರದ ಮರಿಯೊಂದು ಕೆಸರಿನ ಅಂಚಿನಲ್ಲಿ ಕಾಲೂರಿ, ಹಗ್ಗ ಹಿಡಿದ ಡಾಕ್ಟರರನ್ನು ಹಿಂದಕ್ಕೆ ಎಳೆಯಲಿ.