ಬಾಯಮ್ಮನ ಬಾಟಲಿಯ ಬಿರಡೆ

ಎಂಬತ್ತರ ದಶಕದಲ್ಲಿ ನಾನು ಶಿರ್ವದಲ್ಲಿ ಬಾಡಿಗೆಗಿದ್ದೆ. ಮನೆಯೊಡತಿ ಬಾಯಮ್ಮ ಕ್ರಿಸ್ಮಸ್ಸಿಗೆ ತಾವೇ ಮಾಡಿದ ದ್ರಾಕ್ಷಿ ವೈನ್ ಕೊಡುತ್ತಿದ್ದರು. ಒಂದು ವರ್ಷ ಅದು ಅವರ ಮಗ ಗಲ್ಫಿನಿಂದ ತಂದ ಉದ್ದ ಕತ್ತಿನ ಬಾಟಲಿಯಲ್ಲಿತ್ತು. "ಬಾಟಲಿ ಮಾತ್ರ ವಾಪಸು ಕೊಡಬೇಕು, ಆಯ್ತಾ?" ಎಂದಿದ್ದರು.

ಅದನ್ನು ಹಿಡಿದುಕೊಂಡು ಮಣಿಪಾಲದ ಗೆಳೆಯನ ಜೊತೆ ಕಾಪುವಿನ ಮೀನೂಟದ ಹೋಟೆಲಿಗೆ ಹೋದೆ. ಅವನು ಆಗಷ್ಟೇ ವಿದೇಶದಲ್ಲಿ ಓದಿ ಬಂದಿದ್ದ. ಎಲ್ಲದಕ್ಕೂ ಅಲ್ಲಿಯ ರೀತಿಯೇ ಆಗಬೇಕು. ಸುಮ್ಮನೆ ಕುಡಿದು ಏಳುವುದು ಬಿಟ್ಟು, "ಕಾರ್ಕೇಜ್ ಎಷ್ಟು?" ಎಂದು ಹೋಟೆಲಿನ ಯಜಮಾನರನ್ನು ಕೇಳಿದ.

"ಕಾರ್ಕಳಕ್ಕಾ? ಇಲ್ಲಿಂದ ನೇರ ಬಸ್ಸಿಲ್ಲ. ಪಡುಬಿದ್ರಿಯಲ್ಲಿ ಇಳಿಯಬೇಕು," ಎಂದರು ಅವರು.

ಗಿರಾಕಿಗಳೇ ತಂದ ಬಾಟಲಿಯ ಬಿರಡೆ ತೆಗೆದುಕೊಡಲು ಹೋಟೆಲಿನವರು ಪಡೆಯುವ ಹಣ ಅದು ಎಂದು ಗೆಳೆಯ ಪಾಠ ಮಾಡಿದ. ಯಜಮಾನರ ಮುಖ ಕೆಂಪಾಯಿತು. "ಬಿರಡೆ ತೆಗೆಯಲಿಕ್ಕೆ ಎಂತ ಹಣ ಮಾರಾಯ್ರೇ? ನಾವು ಅಂಥವರಲ್ಲ," ಎಂದು ತಾವೇ ಬಿರಡೆ ಕಿತ್ತು, ಸ್ಟೀಲಿನ ಲೋಟಗಳಿಗೆ ಸುರಿದುಕೊಟ್ಟರು. ಹುರಿದ ಬಂಗುಡೆಯ ಜೊತೆ ವೈನ್ ಚೆನ್ನಾಗಿಯೇ ಇಳಿಯಿತು.

ಏಳುವಾಗ ನೋಡಿದರೆ ಮೇಜಿನ ಮೇಲೆ ಬಾಟಲಿ ಇಲ್ಲ. ಆಗಲೇ ಅದನ್ನು ತೊಳೆದು, ತೆಂಗಿನೆಣ್ಣೆ ತುಂಬಿಸಿ, ಒಲೆಯ ಪಕ್ಕ ಇಟ್ಟಾಗಿತ್ತು. "ಖಾಲಿ ಬಾಟಲಿ ಅಲ್ವಾ? ನಮಗೆ ಉಪಯೋಗ ಉಂಟು," ಎಂದು ಯಜಮಾನರು ನಕ್ಕರು. ಬಿರಡೆಗೆ ಹಣ ಬೇಡವೆಂದವರ ಹತ್ತಿರ ಬಾಟಲಿ ಕೇಳಲು ನನಗೆ ಬಾಯಿ ಬರಲಿಲ್ಲ.

ಮುಂದಿನ ಕ್ರಿಸ್ಮಸ್ಸಿಗೆ ಬಾಯಮ್ಮ ಬರೀ ಕೇಕು ಕೊಟ್ಟರು. "ವೈನ್ ಹಾಕಿಕೊಡಲಿಕ್ಕೆ ಬಾಟಲಿ ಎಲ್ಲಿ ಉಂಟು?" ಎಂದರು.

ಸಂಜೆ ಆಸೆಯಿಂದ ಬಂದ ಗೆಳೆಯನ ಮುಂದೆ ಚಹಾ ಇಟ್ಟು, "ತಗೋ, ನಿನ್ನ ಕಾರ್ಕೇಜ್," ಎಂದೆ.